ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ: ರೋಬೊಕೋಡ್ ಆಟದ ವಿಮರ್ಶೆ

ಕೋಡ್ ಬರೆದು ಆಡುವ ಆಟಗಳು ಬಹಳಷ್ಟು ಬಂದವು, ಬಹಳಷ್ಟು ಹೋದವು. ಹಳೆಯದಾಯಿತು ಎನ್ನಿಸದೆ ನಾನು ಇಂದಿಗೂ ತೆರೆದು ಕೂರುವುದು ರೋಬೊಕೋಡ್ ಒಂದನ್ನೇ. ಇದರಲ್ಲಿ ಕೈಚಳಕಕ್ಕೆ ಕೆಲಸವಿಲ್ಲ. ಒಂದು ಪುಟ್ಟ ಟ್ಯಾಂಕಿನ ಬುದ್ಧಿಯನ್ನು ಜಾವಾ ಭಾಷೆಯಲ್ಲಿ ಬರೆದು ಕಣಕ್ಕೆ ಬಿಡಬೇಕು. ಪಂದ್ಯ ಶುರುವಾದ ಮೇಲೆ ಅದಕ್ಕೆ ಏನನ್ನೂ ಹೇಳಿಕೊಡುವಂತಿಲ್ಲ. ಎತ್ತ ಓಡಬೇಕು, ಎತ್ತ ನೋಡಬೇಕು, ಯಾವಾಗ ಗುಂಡು ಹಾರಿಸಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ಬರೆದಿಟ್ಟಿರಬೇಕು.

ನಾನು ವೃತ್ತಿಯಿಂದ ಗಣಿತದ ಶಿಕ್ಷಕಿ. ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ತೋರಿಸಲು ಏನಾದರೂ ಬೇಕು ಎಂದು ಹುಡುಕುತ್ತಿದ್ದಾಗ ಈ ಆಟ ಸಿಕ್ಕಿತು. ಮಕ್ಕಳಿಗೆಂದು ತಂದದ್ದು ನನ್ನನ್ನೇ ಹಿಡಿದುಕೊಂಡಿತು. ನನ್ನ ಮಟ್ಟಿಗೆ ಇದರ ದೊಡ್ಡತನ ಇರುವುದು ಒಂದೇ ಕಡೆ: ಕಣದ ನಿಯಮಗಳು ಹೆಚ್ಚುಕಡಿಮೆ ಮೊದಲಿದ್ದಂತೆಯೇ ಉಳಿದಿವೆ, ಆಡುವವರ ಬುದ್ಧಿ ಮಾತ್ರ ಇಪ್ಪತ್ತು ವರ್ಷಗಳಿಂದ ಬೆಳೆಯುತ್ತಲೇ ಬಂದಿದೆ. ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರುತ್ತಾನೆ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಡೆದಿದೆ, ಅದೂ ಹಂತ ಹಂತವಾಗಿ, ಪ್ರತಿ ಹಂತದ ಕೋಡನ್ನೂ ನಾವು ಓದಿ ನೋಡಬಹುದಾದ ರೀತಿಯಲ್ಲಿ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮ್ಯಾಥ್ಯೂ ನೆಲ್ಸನ್ ಎಂಬುವರು 2000ದ ಕೊನೆಯಲ್ಲಿ ಇದನ್ನು ಸ್ವಂತ ಆಸಕ್ತಿಗೆ ಬರೆಯಲು ಶುರುಮಾಡಿದರು. 2001ರಲ್ಲಿ ಐಬಿಎಂ ಕಂಪನಿಯು ಪ್ರಾಯೋಗಿಕ ತಂತ್ರಾಂಶಗಳಿಗೆಂದು ನಡೆಸುತ್ತಿದ್ದ ಆಲ್ಫಾವರ್ಕ್ಸ್ ಜಾಲತಾಣದ ಮೂಲಕ ಅದು ಹೊರಬಂತು. 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಆಮೇಲಿನಿಂದ ಫ್ಲೆಮಿಂಗ್ ಲಾರ್ಸನ್ ಅದನ್ನು ನೋಡಿಕೊಂಡು ಬಂದಿದ್ದಾರೆ. ಈ ಬಗೆಯ ಆಟ ಇದೇ ಮೊದಲೇನಲ್ಲ. 1981ರಲ್ಲಿ ಆಪಲ್ ಕಂಪ್ಯೂಟರಿಗೆ ಬಂದ ಸೈಲಾಸ್ ವಾರ್ನರ್ ಅವರ ರೋಬೋಟ್‌ವಾರ್, 1985ರ ಸಿರೋಬೋಟ್ಸ್ ಇದರ ಹಿರಿಯರು. ಇನ್ನೊಂದು ದಿಕ್ಕಿನಲ್ಲಿ 1984ರ ಕೋರ್ ವಾರ್ ಇದೆ. ಅಲ್ಲಿ ಟ್ಯಾಂಕುಗಳಿಲ್ಲ, ಕಂಪ್ಯೂಟರಿನ ಸ್ಮರಣೆಯೇ ರಣಾಂಗಣ. ಎರಡು ಪ್ರೋಗ್ರಾಮುಗಳು ಒಂದನ್ನೊಂದು ಅಳಿಸಿಹಾಕಲು ಹೊಡೆದಾಡುತ್ತವೆ.

ಕೋರ್ ವಾರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ತಂತ್ರಗಳಿಗೆ ಆಟಗಾರರೇ ಕಲ್ಲು, ಕಾಗದ, ಕತ್ತರಿ ಎಂದು ಹೆಸರಿಟ್ಟಿದ್ದಾರೆ. ಕಣ್ಣುಮುಚ್ಚಿ ಬಾಂಬು ಎಸೆಯುತ್ತ ಹೋಗುವುದು ಕಲ್ಲು, ತನ್ನದೇ ಪ್ರತಿಗಳನ್ನು ಹುಟ್ಟಿಸುತ್ತ ಹೋಗುವುದು ಕಾಗದ, ಎದುರಾಳಿ ಎಲ್ಲಿದ್ದಾನೆ ಎಂದು ಹುಡುಕಿ ಹೊಡೆಯುವುದು ಕತ್ತರಿ. ಒಂದು ಇನ್ನೊಂದನ್ನು ಗೆಲ್ಲುತ್ತದೆ, ಆ ಇನ್ನೊಂದು ಮೂರನೆಯದನ್ನು ಗೆಲ್ಲುತ್ತದೆ, ಮೂರನೆಯದು ಮತ್ತೆ ಮೊದಲನೆಯದನ್ನು. ಚಕ್ರ ಸುತ್ತುತ್ತಲೇ ಇರುತ್ತದೆ. ರೋಬೊಕೋಡ್‌ನಲ್ಲಿ ಹಾಗಾಗಲಿಲ್ಲ. ಇಲ್ಲಿ ಹೊಸ ತಂತ್ರ ಹಳೆಯದನ್ನು ನುಂಗಿಕೊಂಡೇ ಬೆಳೆಯುತ್ತದೆ. ಕಾರಣ, ಟ್ಯಾಂಕಿನ ಓಟ ಬೇರೆ, ಗನ್ ಬೇರೆ, ರೇಡಾರ್ ಬೇರೆ. ಒಂದನ್ನು ಮುಟ್ಟದೆ ಇನ್ನೊಂದನ್ನು ತಿದ್ದಬಹುದು. ಜೊತೆಗೆ ಪಂದ್ಯ ನಡೆಯುತ್ತಿರುವಾಗಲೇ ರೋಬೋಟ್ ಎದುರಾಳಿಯನ್ನು ಓದಿ ಕಲಿಯಬಹುದು. ಸುತ್ತು ಮುಗಿದರೂ ಕಲಿತದ್ದನ್ನು ಮುಂದಿನ ಸುತ್ತಿಗೆ ಒಯ್ಯಬಹುದು. ಕಲಿಯಲು ಬಿಟ್ಟ ಈ ಒಂದು ಕಿಂಡಿಯಿಂದಲೇ ಮುಂದಿನದೆಲ್ಲ ಒಳಬಂತು.

ಈಗ ಕಣಕ್ಕೆ ಬರೋಣ. ಸಾಮಾನ್ಯವಾಗಿ ಅದರ ಅಳತೆ 800ಕ್ಕೆ 600 ಪಿಕ್ಸೆಲ್. ಟ್ಯಾಂಕ್ 36 ಪಿಕ್ಸೆಲ್‌ನ ಚೌಕ. ಕಾಲವನ್ನು ಟಿಕ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಟಿಕ್‌ಗೆ ಹೆಚ್ಚೆಂದರೆ 8 ಪಿಕ್ಸೆಲ್ ಓಡಬಹುದು. ವೇಗ ಏರುವುದು ಟಿಕ್‌ಗೆ 1ರಂತೆ, ಇಳಿಯುವುದು 2ರಂತೆ. ನಿಂತಲ್ಲಿ ನಿಂತು ಟಿಕ್‌ಗೆ 10 ಡಿಗ್ರಿ ತಿರುಗಬಹುದು, ಪೂರ್ಣ ವೇಗದಲ್ಲಿ ಓಡುತ್ತಿದ್ದರೆ 4 ಡಿಗ್ರಿ ಮಾತ್ರ. ಗನ್ ತಿರುಗುವುದು 20 ಡಿಗ್ರಿ, ರೇಡಾರ್ 45. ಎಲ್ಲರಿಗೂ ಆರಂಭದಲ್ಲಿ 100 ಅಂಶ ಶಕ್ತಿ. ಗುಂಡಿನ ಬಲವನ್ನು 0.1ರಿಂದ 3ರವರೆಗೆ ಆರಿಸಿಕೊಳ್ಳಬಹುದು, ಆ ಬಲ ನಮ್ಮ ಶಕ್ತಿಯಿಂದಲೇ ಕಳೆಯುತ್ತದೆ. ಬಲ ಹೆಚ್ಚಿದಷ್ಟೂ ಗುಂಡು ನಿಧಾನ: 1ರ ಬಲದ ಗುಂಡು ಟಿಕ್‌ಗೆ 17 ಪಿಕ್ಸೆಲ್ ಹೋಗಿ 4 ಅಂಶ ಪೆಟ್ಟು ಕೊಡುತ್ತದೆ, 3ರ ಬಲದ್ದು 11 ಪಿಕ್ಸೆಲ್ ಹೋಗಿ 16 ಅಂಶ ಪೆಟ್ಟು ಕೊಡುತ್ತದೆ. ಗುಂಡು ತಾಗಿದರೆ ಖರ್ಚು ಮಾಡಿದ್ದರ ಮೂರು ಪಟ್ಟು ಶಕ್ತಿ ವಾಪಸು ಬರುತ್ತದೆ. ಅಂದರೆ ಹಾರಿಸಿದ ಮೂರರಲ್ಲಿ ಒಂದು ತಾಗಿದರೆ ಕೈಯಿಂದ ಏನೂ ಹೋಗಲಿಲ್ಲ. ಅದಕ್ಕಿಂತ ಕಡಿಮೆಯಾದರೆ ನಾವು ನಮ್ಮನ್ನೇ ಬರಿದು ಮಾಡಿಕೊಳ್ಳುತ್ತಿದ್ದೇವೆ ಎಂದರ್ಥ.

ಇಷ್ಟು ಸಂಖ್ಯೆಗಳನ್ನು ಕೊಟ್ಟದ್ದಕ್ಕೆ ಕಾರಣವಿದೆ. ಒಂದನ್ನು ಬದಲಿಸಿದರೂ ಆಟ ಕೆಡುತ್ತದೆ. ಟ್ಯಾಂಕ್ ಇನ್ನಷ್ಟು ವೇಗವಾಗಿದ್ದರೆ ಯಾವ ಗುಂಡೂ ತಾಗುತ್ತಿರಲಿಲ್ಲ. ಗುಂಡು ಇನ್ನಷ್ಟು ವೇಗವಾಗಿದ್ದರೆ ಓಡುವುದೇ ವ್ಯರ್ಥವಾಗುತ್ತಿತ್ತು. ಇಷ್ಟು ಹದವಾಗಿ ಕೂಡಿಸಿದ ನಿಯಮಗಳನ್ನು ನಾನು ಬೇರೆ ಕಡೆ ಕಂಡಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ರೇಡಾರ್ ಎದುರಾಳಿಯ ಜಾಗ, ದಿಕ್ಕು, ವೇಗ, ಉಳಿದ ಶಕ್ತಿ ಇಷ್ಟನ್ನು ತೋರಿಸುತ್ತದೆ. ಹಾರಿಬರುತ್ತಿರುವ ಗುಂಡನ್ನು ತೋರಿಸುವುದಿಲ್ಲ.

ಆಟದ ಜೊತೆಗೇ ಕೆಲವು ಮಾದರಿ ರೋಬೋಟ್‌ಗಳು ಬರುತ್ತವೆ. ಸಿಟ್ಟಿಂಗ್ ಡಕ್ ಕದಲುವುದೇ ಇಲ್ಲ. ಸ್ಪಿನ್‌ಬಾಟ್ ವೃತ್ತದಲ್ಲಿ ಸುತ್ತುತ್ತದೆ. ವಾಲ್ಸ್ ಗೋಡೆಯ ಅಂಚಿಗೆ ಅಂಟಿಕೊಂಡು ಕಣವನ್ನು ಪ್ರದಕ್ಷಿಣೆ ಹಾಕುತ್ತ ಒಳಮುಖವಾಗಿ ಗುಂಡು ಹಾರಿಸುತ್ತದೆ. ಹೊಸಬರು ಮೊದಲು ಸೋಲುವುದು ವಾಲ್ಸ್‌ಗೆ. ಎದುರಾಳಿ ಈಗ ಎಲ್ಲಿದ್ದಾನೋ ಅಲ್ಲಿಗೇ ಗುರಿಯಿಟ್ಟರೆ ಗುಂಡು ತಲುಪುವ ಹೊತ್ತಿಗೆ ಅವನು ಅಲ್ಲಿರುವುದಿಲ್ಲ. ಆದ್ದರಿಂದ ಅವನು ಹೀಗೇ ನೇರ ಓಡುತ್ತಾನೆ ಎಂದು ಭಾವಿಸಿ ಮುಂದಕ್ಕೆ ಗುರಿಯಿಡಬೇಕು. ವಾಲ್ಸ್ ಉದುರುತ್ತದೆ, ಸ್ಪಿನ್‌ಬಾಟ್ ಬದುಕುತ್ತದೆ. ಸರಿ, ಅವನು ಇದೇ ಪ್ರಮಾಣದಲ್ಲಿ ತಿರುಗುತ್ತಲೇ ಇರುತ್ತಾನೆ ಎಂದು ವೃತ್ತದ ಮೇಲೆ ಗುರಿಯಿಟ್ಟರೆ ಸ್ಪಿನ್‌ಬಾಟ್ ಕೂಡ ಉದುರುತ್ತದೆ. ಒಂದು ತರಗತಿಯ ಅವಧಿಯಲ್ಲಿ ಮಕ್ಕಳು ಇಲ್ಲಿಯವರೆಗೆ ಬಂದುಬಿಡುತ್ತಾರೆ, ಮುಖದಲ್ಲಿ ಗೆದ್ದ ಕಳೆ ಇರುತ್ತದೆ.

ಆಮೇಲೆ ಎದುರಾಗುವುದು ನಿಂತು ಓಡುವ ರೋಬೋಟ್. ಅದು ಸುಮ್ಮನೆ ನಿಂತಿರುತ್ತದೆ. ನಿಂತಿರುವವನಿಗೆ ನೇರ ಗುರಿಯೂ, ಮುಂದಾಲೋಚನೆಯ ಗುರಿಯೂ, ವೃತ್ತದ ಗುರಿಯೂ ಒಂದೇ ದಿಕ್ಕನ್ನು ತೋರಿಸುತ್ತವೆ. ನೀವು ಗುಂಡು ಹಾರಿಸಿದ ಮರುಕ್ಷಣವೇ ಅದು ಒಂದಷ್ಟು ದೂರ ಚಿಮ್ಮಿ ಮತ್ತೆ ನಿಲ್ಲುತ್ತದೆ. ನಿಮ್ಮ ಗುಂಡು ಖಾಲಿ ಜಾಗದಲ್ಲಿ ಹಾದುಹೋಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ನೋಡಿ, “ಟೀಚರ್, ಗುಂಡು ಅದಕ್ಕೆ ಕಾಣಿಸುವುದೇ ಇಲ್ಲವಲ್ಲ, ನಾನು ಹೊಡೆದದ್ದು ಹೇಗೆ ಗೊತ್ತಾಯಿತು?” ಎಂದು ಕೇಳಿದಳು. ಉತ್ತರವನ್ನು ಅವಳೇ ಹುಡುಕಿಕೊಂಡಳು. ಗುಂಡು ಹಾರಿಸಿದರೆ ಹಾರಿಸಿದವನ ಶಕ್ತಿ ಇಳಿಯುತ್ತದೆ, ಶಕ್ತಿ ರೇಡಾರ್‌ನಲ್ಲಿ ಕಾಣುತ್ತದೆ. 100 ಇದ್ದದ್ದು 98 ಆಗಿದೆ, ನಾನು ಅವನಿಗೆ ಹೊಡೆದಿಲ್ಲ, ಅವನು ಗೋಡೆಗೆ ಗುದ್ದಿಲ್ಲ. ಹಾಗಾದರೆ 2ರ ಬಲದ ಗುಂಡೊಂದು ನನ್ನತ್ತ ಹೊರಟಿದೆ.

ಈ ಒಂದು ಅರಿವಿನಿಂದ ಆಟದ ಇಡೀ ಚಹರೆ ಬದಲಾಯಿತು. ಆದರೆ ಅದು ಪೂರ್ತಿ ಫಲ ಕೊಡುವ ಮೊದಲು ಗನ್ ಬರೆಯುವವರು ಮುಂದೆ ಹೋದರು. ಕೆಲವರು ಎದುರಾಳಿಯ ಪ್ರತಿ ಟಿಕ್‌ನ ವೇಗ ಮತ್ತು ತಿರುವುಗಳನ್ನು ದಾಖಲಿಸಿಟ್ಟು, ಈಗಿನ ನಡೆಯನ್ನು ಹೋಲುವ ಹಳೆಯ ನಡೆ ಯಾವುದು ಎಂದು ಹುಡುಕಿ, ಆಗ ಏನಾಯಿತೋ ಈಗಲೂ ಅದೇ ಆಗುತ್ತದೆ ಎಂದು ಗುರಿಯಿಟ್ಟರು. ಇದು ಪ್ಯಾಟರ್ನ್ ಮ್ಯಾಚಿಂಗ್. ನಿಯಮಬದ್ಧವಾಗಿ ಓಡುವವರೆಲ್ಲ ಇದಕ್ಕೆ ಬಲಿಯಾದರು. ತಪ್ಪಿಸಿಕೊಳ್ಳಲು ಜನ ಓಟಕ್ಕೆ ಯಾದೃಚ್ಛಿಕತೆ ಬೆರೆಸಿದರು: ಯಾವಾಗ ದಿಕ್ಕು ಬದಲಿಸಬೇಕು ಎಂಬುದನ್ನು ಪಗಡೆ ಹಾಕಿದಂತೆ ತೀರ್ಮಾನಿಸುವುದು. ಹಳೆಯ ನಡೆ ಮರುಕಳಿಸದಿದ್ದರೆ ದಾಖಲೆ ಇದ್ದೂ ಏನು ಪ್ರಯೋಜನ?

ಇದಕ್ಕೆ ಬಂದ ಉತ್ತರವೇ ಗೆಸ್ ಫ್ಯಾಕ್ಟರ್. ಗಣಿತದ ಶಿಕ್ಷಕಿಯಾಗಿ ನನಗೆ ತುಂಬಾ ಪ್ರಿಯವಾದ ಘಟ್ಟ ಇದು, ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎದುರಾಳಿ 400 ಪಿಕ್ಸೆಲ್ ದೂರದಲ್ಲಿದ್ದಾನೆ ಎನ್ನಿ. ನಾನು 1.95ರ ಬಲದ ಗುಂಡು ಹಾರಿಸುತ್ತೇನೆ. ಅದರ ವೇಗ 14.15. ತಲುಪಲು ಸುಮಾರು 28 ಟಿಕ್ ಬೇಕು. ಅಷ್ಟರೊಳಗೆ ಅವನು ಹೆಚ್ಚೆಂದರೆ ಎಷ್ಟು ಕೋನ ಸರಿಯಬಲ್ಲ? 8ನ್ನು 14.15ರಿಂದ ಭಾಗಿಸಿ ವಿಲೋಮ ಸೈನ್ ತೆಗೆದುಕೊಳ್ಳಿ: ಸುಮಾರು 34 ಡಿಗ್ರಿ. ಎಡಕ್ಕೆ 34, ಬಲಕ್ಕೆ 34. ಅವನು ಏನೇ ತಿಪ್ಪರಲಾಗ ಹಾಕಿದರೂ ಈ ಬೀಸಣಿಗೆಯ ಹೊರಗೆ ಹೋಗಲಾರ. ಅದರ ಒಂದು ತುದಿಗೆ -1, ಇನ್ನೊಂದು ತುದಿಗೆ +1, ನಡುವಿಗೆ 0 ಎಂದು ಗುರುತು ಹಾಕಿ. ಈ ಗುರುತೇ ಗೆಸ್ ಫ್ಯಾಕ್ಟರ್. ಪ್ರತಿ ಗುಂಡಿನ ಜೊತೆಗೆ ಅದೇ ವೇಗದಲ್ಲಿ ಹಿಗ್ಗುತ್ತ ಹೋಗುವ ಒಂದು ಕಾಲ್ಪನಿಕ ಅಲೆಯನ್ನು ಬಿಡಿ. ಅಲೆ ಅವನನ್ನು ದಾಟುವಾಗ ಅವನು ಯಾವ ಗುರುತಿನಲ್ಲಿದ್ದ ಎಂದು ಬರೆದುಕೊಳ್ಳಿ. ಅವನು ಹೇಗೆ ಓಡುತ್ತಾನೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಲ್ಲಿ ಸಿಗುತ್ತಾನೆ ಎಂಬುದಷ್ಟೇ ಸಾಕು.

400 ಪಿಕ್ಸೆಲ್ ದೂರದಲ್ಲಿ ಟ್ಯಾಂಕಿನ ಅಗಲ ಸುಮಾರು 5 ಡಿಗ್ರಿ. ಬೀಸಣಿಗೆಯ ಒಟ್ಟು ಅಗಲ 69 ಡಿಗ್ರಿಯ ಹತ್ತಿರ. ನಿಜವಾಗಿಯೂ ಎಲ್ಲ ಕಡೆ ಸಮಾನವಾಗಿ ಓಡಾಡುವ ಎದುರಾಳಿಗೆ ಸುಮ್ಮನೆ ಹೊಡೆದರೆ ಹದಿಮೂರರಲ್ಲಿ ಒಂದು ತಾಗೀತು. ಆದರೆ ಯಾರೂ ಎಲ್ಲ ಕಡೆ ಸಮಾನವಾಗಿ ಓಡಾಡುವುದಿಲ್ಲ. ಗೋಡೆ ಅಡ್ಡ ಬರುತ್ತದೆ, ವೇಗ ತಗ್ಗಿಸಿ ತಿರುಗಲು ಟಿಕ್‌ಗಳು ಖರ್ಚಾಗುತ್ತವೆ, ಬರೆದವರ ಅಭ್ಯಾಸಗಳು ಕೋಡಿನಲ್ಲಿ ಉಳಿದಿರುತ್ತವೆ. ಪಗಡೆ ಹಾಕಿ ಓಡುವವನ ಲೆಕ್ಕವನ್ನೂ ಗುಡ್ಡೆ ಹಾಕಿ ನೋಡಿದರೆ ಎಲ್ಲೋ ಒಂದು ಕಡೆ ದಿಬ್ಬ ಎದ್ದಿರುತ್ತದೆ. ಆ ದಿಬ್ಬಕ್ಕೆ ಗುರಿಯಿಟ್ಟರೆ ಆಯಿತು. ಸ್ಯಾಂಡ್‌ಬಾಕ್ಸ್‌ಡಿಟಿ ಎಂಬ ರೋಬೋಟಿನ ಮೂಲಕ ಈ ವಿಚಾರ ಬೆಳಕಿಗೆ ಬಂದ ಮೇಲೆ ಒಳ್ಳೆಯ ಗನ್ ಎಂದರೆ ಇದೇ ಎಂಬಂತಾಯಿತು. ದೂರ, ವೇಗ, ಗೋಡೆಯ ಅಂತರ ಹೀಗೆ ಸಂದರ್ಭಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕ ಗುಡ್ಡೆ ಹಾಕುವುದು ಮುಂದಿನ ಹೆಜ್ಜೆ. ನಿಂತು ಓಡುವ ರೋಬೋಟ್ ಪ್ರತಿ ಸಲವೂ ಅಷ್ಟೇ ದೂರ ಚಿಮ್ಮುತ್ತಿತ್ತಲ್ಲ, ಅದರ ಕತೆ ಇಲ್ಲಿಗೆ ಮುಗಿಯಿತು.

ಹಾಗಾದರೆ ಓಡುವವರು ಏನು ಮಾಡಬೇಕು? 2004ರಲ್ಲಿ ಶ್ಯಾಡೋ ಎಂಬ ರೋಬೋಟ್ ಕೊಟ್ಟ ಉತ್ತರ ವೇವ್ ಸರ್ಫಿಂಗ್, ಅಂದರೆ ಅಲೆಯ ಮೇಲಿನ ಸವಾರಿ. ಗನ್ ಬರೆಯುವವರು ಕಂಡುಹಿಡಿದ ಅಲೆಯನ್ನೇ ಓಡುವವರು ಕಸಿದುಕೊಂಡು ತಿರುಗಿಸಿ ಹಿಡಿದರು. ಎದುರಾಳಿಯ ಶಕ್ತಿ 1.95 ಇಳಿದದ್ದನ್ನು ಕಂಡೆ; ಅಂದರೆ ಅವನಿಂದ ನನ್ನತ್ತ ಒಂದು ಅಲೆ 14.15ರ ವೇಗದಲ್ಲಿ ಬರುತ್ತಿದೆ. ಅದರ ಮೇಲೆ ಗುಂಡು ಯಾವ ಗುರುತಿನಲ್ಲಿದೆ ಎಂದು ನನಗೆ ಗೊತ್ತಿಲ್ಲ. ಆದರೆ ಈ ಹಿಂದೆ ಅವನ ಗುಂಡು ನನಗೆ ಯಾವ ಗುರುತುಗಳಲ್ಲಿ ತಾಗಿತ್ತು ಎಂದು ಗೊತ್ತಿದೆ. ನನ್ನನ್ನು ಅವನು ಎಲ್ಲಿ ನಿರೀಕ್ಷಿಸುತ್ತಾನೆ ಎಂಬುದರ ನಕ್ಷೆ ಅದು. ಈಗ ಎಡಕ್ಕೆ ಓಡಿದರೆ ಅಲೆ ದಾಟುವಾಗ ಯಾವ ಗುರುತಿನಲ್ಲಿರುತ್ತೇನೆ, ಬಲಕ್ಕೆ ಓಡಿದರೆ ಎಲ್ಲಿ, ಬ್ರೇಕ್ ಹಾಕಿ ನಿಂತರೆ ಎಲ್ಲಿ ಎಂದು ಮೂರನ್ನೂ ಟಿಕ್ ಟಿಕ್ ಆಗಿ ಲೆಕ್ಕ ಹಾಕಿ, ಅಪಾಯ ಕಡಿಮೆ ಇರುವತ್ತ ಹೋಗುವುದು. ಮುಂದಿನ ಟಿಕ್‌ನಲ್ಲಿ ಮತ್ತೆ ಮೂರನ್ನೂ ಲೆಕ್ಕ ಹಾಕುವುದು.

ಇದರಲ್ಲಿ ಒಂದು ಸೂಕ್ಷ್ಮವಿದೆ, ಮಕ್ಕಳು ಇಲ್ಲಿ ಎಡವುತ್ತಾರೆ. ಶಕ್ತಿ ಇಳಿದದ್ದು ನನ್ನ ರೇಡಾರ್‌ಗೆ ಕಾಣುವ ಹೊತ್ತಿಗೆ ಗುಂಡು ಹೊರಟು ಒಂದು ಟಿಕ್ ಆಗಿರುತ್ತದೆ. ಆ ಗುಂಡಿಗೆ ಗುರಿ ಹಿಡಿದದ್ದು ಅದಕ್ಕಿಂತ ಒಂದು ಟಿಕ್ ಹಿಂದೆ, ನಾನು ಆಗ ಎಲ್ಲಿದ್ದೆನೋ ಅದನ್ನು ನೋಡಿ. ಆದ್ದರಿಂದ ಅಲೆಯ ಸೊನ್ನೆಯನ್ನು ನನ್ನ ಈಗಿನ ಜಾಗದಿಂದ ಅಳೆಯಬಾರದು, ಎರಡು ಟಿಕ್ ಹಿಂದಿನ ಜಾಗದಿಂದ ಅಳೆಯಬೇಕು. ಎದುರಾಳಿಯ ಕಣ್ಣಿಗೆ ನಾನು ಕಂಡದ್ದು ಹೇಗೆ ಎಂದು ಕೇಳಿಕೊಳ್ಳದೆ ಇದನ್ನು ಸರಿಯಾಗಿ ಬರೆಯಲು ಬರುವುದಿಲ್ಲ. 1.95ರ ಗುಂಡು ಹಾರಿಸಿದ ಗನ್ ತಣ್ಣಗಾಗಿ ಮತ್ತೆ ಹಾರಿಸಲು ಸಿದ್ಧವಾಗಲು 14 ಟಿಕ್ ಬೇಕು, ಗುಂಡು ಬರಲು 28 ಟಿಕ್. ಹೀಗಾಗಿ ಗಾಳಿಯಲ್ಲಿ ಸದಾ ಎರಡು ಅಲೆಗಳಿರುತ್ತವೆ. ಮೊದಲನೆಯದನ್ನು ತಪ್ಪಿಸಿಕೊಳ್ಳುವ ಭರದಲ್ಲಿ ಎರಡನೆಯದರ ಬಾಯಿಗೆ ಬೀಳದಂತೆ ನೋಡಿಕೊಳ್ಳುವುದೇ ಉತ್ತಮ ಸರ್ಫರ್‌ನ ಲಕ್ಷಣ.

ಸರ್ಫಿಂಗ್ ಬಂದ ಮೇಲೆ ಇಬ್ಬರಿಗೂ ದೊರೆಯುವ ಮಾಹಿತಿಯಲ್ಲಿರುವ ಅಸಮಾನತೆ ಎದ್ದು ಕಂಡಿತು. ಗನ್‌ಗೆ ಪ್ರತಿ ಅಲೆಯಿಂದಲೂ ಪಾಠ ಸಿಗುತ್ತದೆ, ಗುಂಡು ತಾಗಲಿ ಬಿಡಲಿ. ಓಡುವವನಿಗೆ ಪಾಠ ಸಿಗುವುದು ಮುಖ್ಯವಾಗಿ ಪೆಟ್ಟು ತಿಂದಾಗ. ತಪ್ಪಿಹೋದ ಗುಂಡು ಎತ್ತ ಹೋಯಿತೋ ಅವನಿಗೆ ಕಾಣುವುದಿಲ್ಲ. ಗನ್ ಬರೆಯುವವರು ಇದನ್ನು ಹಿಡಿದುಕೊಂಡರು. ಸರ್ಫರ್ ಪೆಟ್ಟು ತಿಂದ ಜಾಗದಿಂದ ಸರಿಯುತ್ತಾನೆ, ಹಾಗಾಗಿ ಅವನ ಹಳೆಯ ಲೆಕ್ಕ ಸುಳ್ಳಾಗುತ್ತ ಹೋಗುತ್ತದೆ. ಇತ್ತೀಚಿನ ಕೆಲವೇ ಅಲೆಗಳಿಗೆ ಹೆಚ್ಚು ತೂಕ ಕೊಟ್ಟು, ಹಳೆಯದನ್ನು ಬೇಗ ಮರೆಯುವ ಗನ್‌ಗಳನ್ನು ಬರೆದರು. ಓಡುವವರು ಸುಮ್ಮನಿರಲಿಲ್ಲ. ಪೆಟ್ಟು ತಿನ್ನದಿದ್ದರೂ ತಾವು ಹೋದ ಜಾಗಗಳನ್ನೆಲ್ಲ ಬರೆದುಕೊಂಡು, ಹೋಗದ ಕಡೆಗೆ ಹೋಗುತ್ತ ದಿಬ್ಬಗಳನ್ನು ಸಮತಟ್ಟು ಮಾಡತೊಡಗಿದರು. ಇದನ್ನು ಫ್ಲ್ಯಾಟ್‌ನರ್ ಎನ್ನುತ್ತಾರೆ. ಬಲಿಷ್ಠ ಗನ್‌ಗಳ ಎದುರು ಇದು ರಕ್ಷಾಕವಚ. ಆದರೆ ಸದಾ ಒಂದೇ ಗುರುತಿಗೆ ಹೊಡೆಯುವ ಬಡಪಾಯಿ ಗನ್ ಎದುರು ಇದು ಹಾನಿಕರ, ಏಕೆಂದರೆ ಸುರಕ್ಷಿತ ಜಾಗದಲ್ಲಿ ಹಾಯಾಗಿ ಇರಬಹುದಾದವನನ್ನು ಇದು ಅಪಾಯದ ಜಾಗಕ್ಕೂ ಅಟ್ಟುತ್ತದೆ. ಆದ್ದರಿಂದ ಎದುರಾಳಿಯ ಗುಂಡುಗಳು ಒಂದು ಮಿತಿಗಿಂತ ಹೆಚ್ಚು ತಾಗತೊಡಗಿದಾಗ ಮಾತ್ರ ಫ್ಲ್ಯಾಟ್‌ನರ್ ಚಾಲೂ ಮಾಡುವ ಪದ್ಧತಿ ಬಂತು.

ಇನ್ನೊಂದು ಚಮತ್ಕಾರವನ್ನು ಹೇಳಲೇಬೇಕು. ಈ ಆಟದಲ್ಲಿ ಗುಂಡಿಗೆ ಗುಂಡು ಡಿಕ್ಕಿ ಹೊಡೆದರೆ ಎರಡೂ ನಾಶವಾಗುತ್ತವೆ. ಮೊದಮೊದಲು ಇದನ್ನು ಯಾರೂ ದೊಡ್ಡದಾಗಿ ಪರಿಗಣಿಸಿರಲಿಲ್ಲ. ಆಮೇಲೆ ಕೆಲವರು ಯೋಚಿಸಿದರು: ನಾನು ಹಾರಿಸಿದ ಗುಂಡು ಎದುರಾಳಿಯ ಅಲೆಯನ್ನು ಹಾದುಹೋಗುವಾಗ ಅಲ್ಲಿ ಗುಂಡೇನಾದರೂ ಇದ್ದಿದ್ದರೆ ಡಿಕ್ಕಿಯಾಗಬೇಕಿತ್ತು. ಡಿಕ್ಕಿಯಾಗಲಿಲ್ಲ. ಅಂದರೆ ಅಲೆಯ ಆ ತುಣುಕಿನಲ್ಲಿ ಗುಂಡಿಲ್ಲ ಎಂಬುದು ಖಚಿತ. ನನ್ನ ಗುಂಡು ಅಲೆಯ ಮೇಲೆ ಒಂದು ನೆರಳು ಬೀಳಿಸಿದಂತೆ; ಆ ನೆರಳಿನೊಳಗೆ ನಿಂತರೆ ಪೆಟ್ಟು ಬೀಳುವುದಿಲ್ಲ. ಇಂದಿನ ಅಗ್ರಶ್ರೇಣಿಯ ರೋಬೋಟ್‌ಗಳು ಈ ನೆರಳುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನಿಯಮ ಮೊದಲಿನಿಂದಲೂ ಅಲ್ಲೇ ಇತ್ತು. ಅದರಲ್ಲಿ ಅಡಗಿದ್ದ ರಕ್ಷಣೆಯನ್ನು ಕಾಣುವ ಕಣ್ಣು ಮೂಡಲು ವರ್ಷಗಳು ಬೇಕಾದವು. ಒಂದು ಆಟದಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸಲಾರೆ.

ಗುಡ್ಡೆ ಹಾಕುವ ಪದ್ಧತಿಯೂ ಬದಲಾಯಿತು. ಈಗ ಪ್ರತಿ ಸಂದರ್ಭವನ್ನು ಹಲವು ಆಯಾಮಗಳ ಒಂದು ಬಿಂದುವಾಗಿ ಇಟ್ಟುಕೊಂಡು, ಸದ್ಯದ ಸಂದರ್ಭಕ್ಕೆ ಅತಿ ಹತ್ತಿರದ ಹಳೆಯ ಬಿಂದುಗಳನ್ನು ಹುಡುಕುತ್ತಾರೆ. ಸಾಮಾನ್ಯ ಪಂದ್ಯವೊಂದಕ್ಕೆ 35 ಸುತ್ತು. ಅಷ್ಟರಲ್ಲಿ ಸಿಗುವ ಮಾದರಿಗಳು ಕಡಿಮೆ, ಯೋಚಿಸಲು ಟಿಕ್‌ಗೆ ಸಿಗುವ ಸಮಯವೂ ಕಡಿಮೆ. ಸ್ವಲ್ಪದರಿಂದಲೇ ಬೇಗ ಕಲಿಯುವ ಈ ಪದ್ಧತಿ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಬಹುಕಾಲ ಅಗ್ರಸ್ಥಾನದಲ್ಲಿದ್ದ ಡ್ರಸ್‌ಜಿಟಿ, ಅದರ ಸಮಬಲದ ಡೈಮಂಡ್, ಈಚೆಗೆ ಅವುಗಳನ್ನು ಹಿಂದಿಕ್ಕಿದ ಬೀಪ್‌ಬೂಪ್ ಎಲ್ಲವೂ ಈ ದಾರಿಯವು. ಯಾವ ಆಯಾಮಕ್ಕೆ ಎಷ್ಟು ತೂಕ ಎಂಬುದನ್ನು ಹಿಂದೆ ಕೈಯಿಂದಲೇ ತಿದ್ದುತ್ತಿದ್ದರು. ಬೀಪ್‌ಬೂಪ್ ಅದನ್ನು ಪಂದ್ಯಕ್ಕೆ ಮೊದಲೇ ಯಂತ್ರಕಲಿಕೆಯಿಂದ ಹೊಂದಿಸಿಕೊಂಡು ಬರುತ್ತದೆ.

ಹತ್ತು ರೋಬೋಟ್‌ಗಳು ಒಟ್ಟಿಗೆ ಹೊಡೆದಾಡುವ ಗುಂಪಿನ ಪಂದ್ಯ ಬೇರೆಯದೇ ಲೋಕ. ಅಲ್ಲಿ ಅಲೆಗಳ ಲೆಕ್ಕಕ್ಕಿಂತ, ಯಾರಿಗೂ ಹತ್ತಿರದ ಗುರಿಯಾಗದಂತೆ ಮೂಲೆ ಅಂಚುಗಳಲ್ಲಿ ಸುಳಿದಾಡುವ ಜಾಣ್ಮೆ ಮುಖ್ಯ. ನನಗೆ ಒಬ್ಬರಿಗೊಬ್ಬರು ಎದುರಾಗುವ ಪಂದ್ಯವೇ ಇಷ್ಟ.

ಶ್ರೇಯಾಂಕ ಪಟ್ಟಿಯ ಬಗ್ಗೆ ನನಗೊಂದು ತಕರಾರಿದೆ. ರೋಬೊರಂಬಲ್ ಎಂಬ ವ್ಯವಸ್ಥೆಯಲ್ಲಿ ಆಸಕ್ತರು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಪಂದ್ಯಗಳನ್ನು ಓಡಿಸಿ ಫಲಿತಾಂಶ ಕಳುಹಿಸುತ್ತಾರೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ವಿರುದ್ಧವೂ ಗಳಿಸಿದ ಅಂಕಗಳ ಶೇಕಡಾ ಸರಾಸರಿಯೇ ಮುಖ್ಯ ಅಳತೆ. ಪರಿಣಾಮ ಏನೆಂದರೆ, ಬಲಿಷ್ಠನನ್ನು ಸೋಲಿಸುವುದಕ್ಕಿಂತ ದುರ್ಬಲರಿಂದ ಇನ್ನೊಂದೆರಡು ಶೇಕಡಾ ಹಿಂಡಿಕೊಳ್ಳುವುದು ಲಾಭದಾಯಕ. ಸರಳ ಗನ್‌ಗಳಿಂದ ಒಂದೂ ಪೆಟ್ಟು ತಿನ್ನದಿರುವುದು, ಮೊದಲ ಸುತ್ತಿನಲ್ಲೇ ಕಲಿತುಬಿಡುವುದು ಇತ್ಯಾದಿಗಳಿಗೆ ಜಾಣರ ಶ್ರಮವೆಲ್ಲ ಹೋಗುತ್ತದೆ. ಎಷ್ಟು ಎದುರಾಳಿಗಳನ್ನು ಗೆದ್ದಿರಿ ಎಂಬ ಪ್ರತ್ಯೇಕ ಲೆಕ್ಕವೂ ಇದೆ ನಿಜ, ಆದರೆ ಕಣ್ಣು ಹೋಗುವುದು ಮೊದಲ ಪಟ್ಟಿಗೇ. ಅಳತೆ ಬೇರೆಯಾಗಿದ್ದರೆ ತಂತ್ರಗಳ ಚರಿತ್ರೆಯೂ ಬೇರೆಯಾಗುತ್ತಿತ್ತು ಎಂದು ನನ್ನ ಬಲವಾದ ನಂಬಿಕೆ. ಫ್ಲ್ಯಾಟ್‌ನರ್‌ನಂಥ ವಿಚಾರಗಳಿಗೆ ಇನ್ನೂ ಹೆಚ್ಚು ಮನ್ನಣೆ ಸಿಗುತ್ತಿತ್ತು.

ಅದೇ ವ್ಯವಸ್ಥೆಯ ತೂಕದ ವರ್ಗಗಳನ್ನು ಮಾತ್ರ ಬಾಯಿ ತುಂಬ ಹೊಗಳುತ್ತೇನೆ. ಕೋಡಿನ ಗಾತ್ರ 1500 ಬೈಟ್‌ಗಿಂತ ಕಡಿಮೆಯಿದ್ದರೆ ಮಿನಿ, 750ಕ್ಕಿಂತ ಕಡಿಮೆಯಿದ್ದರೆ ಮೈಕ್ರೋ, 250ಕ್ಕಿಂತ ಕಡಿಮೆಯಿದ್ದರೆ ನ್ಯಾನೋ. 250 ಬೈಟ್‌ನಲ್ಲಿ ಏನು ಬರೆಯಲು ಸಾಧ್ಯ ಎನ್ನುತ್ತೀರಾ? ಎದುರಾಳಿಯ ಅಡ್ಡವೇಗವನ್ನು (ನಮ್ಮಿಂದ ಅವನತ್ತ ಎಳೆದ ಗೆರೆಗೆ ಅಡ್ಡಲಾಗಿ ಅವನು ಸಾಗುವ ವೇಗವನ್ನು) ಪ್ರತಿ ಟಿಕ್‌ಗೂ ಒಂದೊಂದು ಅಕ್ಷರವಾಗಿ ಉದ್ದದ ಪದಸರಣಿಯೊಂದಕ್ಕೆ ಸೇರಿಸುತ್ತ ಹೋಗಿ, ಪದವನ್ನು ಹುಡುಕಲು ಜಾವಾ ಕೊಟ್ಟಿರುವ ಸಿದ್ಧ ಸೌಲಭ್ಯದಿಂದಲೇ ಹಳೆಯ ಹೋಲಿಕೆಯನ್ನು ಪತ್ತೆಹಚ್ಚುವ ಪ್ಯಾಟರ್ನ್ ಮ್ಯಾಚಿಂಗ್ ಗನ್‌ಗಳು ಈ ವರ್ಗದಲ್ಲಿವೆ. ಮೊದಲ ಸಲ ಅಂಥ ಕೋಡನ್ನು ಓದಿದಾಗ ಆದ ಸಂತೋಷ ಪ್ರಮೇಯವೊಂದರ ಸಾಧನೆಯನ್ನು ಮೂರೇ ಸಾಲಿನಲ್ಲಿ ಮುಗಿಸಿದ ಗಣಿತಜ್ಞರ ಬರಹ ಓದಿದಾಗ ಆಗುವಂಥದ್ದು.

ಕುಂದುಗಳೂ ಇವೆ. ಆಟದ ಒಳಗಿರುವ, ಕೋಡ್ ಬರೆಯುವ ಸಂಪಾದಕ (ಎಡಿಟರ್) ತೀರಾ ಸಾಧಾರಣ. ಗಂಭೀರವಾಗಿ ಬರೆಯುವವರು ಬೇರೆ ಸಂಪಾದಕವನ್ನೇ ಬಳಸಬೇಕು. ದಿಕ್ಕುಗಳ ಲೆಕ್ಕ ಶಾಲೆಯ ಗಣಿತಕ್ಕೆ ಹೊಂದುವುದಿಲ್ಲ: ಇಲ್ಲಿ ಸೊನ್ನೆ ಡಿಗ್ರಿ ಮೇಲ್ಮುಖ, ಕೋನ ಬೆಳೆಯುವುದು ಗಡಿಯಾರದ ದಿಕ್ಕಿನಲ್ಲಿ. ಮಕ್ಕಳು ಸೈನ್ ಎಂದು ಬರೆಯಬೇಕಾದಲ್ಲಿ ಕೊಸೈನ್ ಬರೆದು ಟ್ಯಾಂಕ್ ಅಡ್ಡದಾರಿ ಹಿಡಿದಾಗ ಅವರನ್ನು ಸಮಾಧಾನ ಮಾಡುವುದು ನನ್ನ ಕೆಲಸ. ವೃತ್ತದ ಗುರಿಯವರೆಗೆ ಹತ್ತುವುದು ಸುಲಭ, ಅಲ್ಲಿಂದ ಅಲೆಗಳಿಗೆ ಹೋಗುವ ನಡುವೆ ಒಂದು ಕಡಿದಾದ ಗೋಡೆಯಿದೆ. ಅದನ್ನು ದಾಟಿಸುವ ಮೆಟ್ಟಿಲುಗಳನ್ನು ಆಟ ತಾನಾಗಿ ಕೊಡುವುದಿಲ್ಲ. ಬಹಳ ಜನ ಅಲ್ಲಿಯೇ ಬಿಟ್ಟುಬಿಡುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಲಾರ್ಸನ್ ಅವರೇ ಕಟ್ಟಿರುವ ರೋಬೊಕೋಡ್ ಟ್ಯಾಂಕ್ ರಾಯಲ್ ಎಂಬ ಹೊಸ ರೂಪವೂ ಇದೆ. ಅದರಲ್ಲಿ ಆಟ ಒಂದು ಸರ್ವರ್‌ನಲ್ಲಿ ನಡೆಯುತ್ತದೆ, ರೋಬೋಟ್‌ಗಳು ಜಾಲದ ಮೂಲಕ ಸೇರಿಕೊಳ್ಳುತ್ತವೆ. ಹಾಗಾಗಿ ಜಾವಾದ ಹಂಗಿಲ್ಲ. ಕೋನಗಳೂ ಶಾಲೆಯ ಗಣಿತದಂತೆ ಬಲದಿಂದ ಶುರುವಾಗಿ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಬೆಳೆಯುತ್ತವೆ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗೆ, ಜಾವಾ ಬಾರದವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಆದರೆ ತಂತ್ರಗಳ ವಿಕಾಸವನ್ನು ಕಣ್ಣಾರೆ ಕಾಣಬೇಕು ಎನ್ನುವವರು ಹಳೆಯದಕ್ಕೇ ಬರಬೇಕು. ಇಪ್ಪತ್ತು ವರ್ಷಗಳ ಎದುರಾಳಿಗಳು ಇನ್ನೂ ಅಲ್ಲಿ ಕಾದಿದ್ದಾರೆ, ಬಹಳಷ್ಟರ ಮೂಲ ಕೋಡ್ ತೆರೆದಿದೆ, ಒಂದು ಪೈಸೆ ಖರ್ಚಿಲ್ಲ.

ಶುರುಮಾಡುವವರಿಗೆ ನನ್ನ ಸಲಹೆ ಇಷ್ಟು. ನಮ್ಮ ರೋಬೋಟಿಗೆ ಅಡಿಪಾಯವಾಗಿ ಆಟ ಕೊಡುವ ಜಾವಾ ಕ್ಲಾಸ್‌ಗಳ ಪೈಕಿ ಅಡ್ವಾನ್ಸ್ಡ್‌ರೋಬೋಟ್‌ನಿಂದಲೇ ಆರಂಭಿಸಿ. ಸರಳ ರೋಬೋಟ್ ಕ್ಲಾಸ್‌ನಲ್ಲಿ ಓಡುತ್ತಲೇ ಗನ್ ತಿರುಗಿಸಲು ಆಗುವುದಿಲ್ಲ. ಮೊದಲು ರೇಡಾರ್ ಎದುರಾಳಿಯ ಮೇಲಿಂದ ಕದಲದಂತೆ ಮಾಡಿ, ಉಳಿದದ್ದೆಲ್ಲ ಆಮೇಲೆ. ವಾಲ್ಸ್ ಮತ್ತು ಸ್ಪಿನ್‌ಬಾಟ್ ಎರಡನ್ನೂ ಒಂದೇ ಗನ್‌ನಿಂದ ಸೋಲಿಸಿದ ದಿನ ಬೇಸಿಕ್‌ಜಿಎಫ್‌ಸರ್ಫರ್ ಎಂಬ ಪಾಠದ ರೋಬೋಟನ್ನು ಇಳಿಸಿಕೊಂಡು ಅದರ ಕೋಡನ್ನು ಸಾಲು ಸಾಲಾಗಿ ಓದಿ. ಅಲೆಗಳನ್ನು ವೃತ್ತಗಳಾಗಿ ಬಿಡಿಸುವ ಕೆಲವು ಸಾಲುಗಳನ್ನು ನೀವೇ ಅದಕ್ಕೆ ಸೇರಿಸಿ, ರೋಬೋಟಿನ ಕಿಟಕಿಯಲ್ಲಿರುವ ಪೇಂಟ್ ಗುಂಡಿಯನ್ನು ಒತ್ತಿ, ಕೆಳಗಿನ ಪಟ್ಟಿಯಿಂದ ಆಟದ ವೇಗವನ್ನು ಬಹಳಷ್ಟು ತಗ್ಗಿಸಿ. ಶಕ್ತಿ ಇಳಿದ ಟಿಕ್‌ಗೂ ವೃತ್ತ ಮೂಡಿದ ಟಿಕ್‌ಗೂ ತಾಳೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ.